12 ಇಂಚಿನ ಸಬ್‌ವೂಫರ್ ಜೊತೆ 3 ವರ್ಷ: ಕೊನೆಗೆ ಸೋಫಾ ಸರಿಸಿದ ಕಥೆ

ಸಬ್‌ವೂಫರ್ (ಬರೀ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು ಕೊಡುವ ಸ್ಪೀಕರ್) ತೆಗೆದುಕೊಳ್ಳುವಾಗ ನಾನು ನೋಡಿದ್ದು ಎರಡೇ. ಎಷ್ಟು ಇಂಚು, ಎಷ್ಟು ವ್ಯಾಟ್. ಅದಕ್ಕೂ ಮುಂಚೆ ಇದ್ದದ್ದು ಸ್ಪೀಕರ್ ಸೆಟ್ ಜೊತೆಗೇ ಬಂದಿದ್ದ 8 ಇಂಚಿನ ಪೋರ್ಟೆಡ್ ಸಬ್, ಅಂದರೆ ಡಬ್ಬದಲ್ಲಿ ಗಾಳಿಗೆ ತೂತು ಇರುವಂಥದ್ದು. ಸಿನಿಮಾದಲ್ಲಿ ಏನಾದರೂ ಸಿಡಿದರೆ ಗುಡುಗಿಗಿಂತ ಪೋರ್ಟ್‌ನ ತೂತಿನಿಂದ ಬರುವ ಬುಸ್ ಬುಸ್ ಗಾಳಿ ಸದ್ದೇ ಜಾಸ್ತಿ ಕೇಳುತ್ತಿತ್ತು. ಅದರ ಜಾಗಕ್ಕೆ 12 ಇಂಚಿನ ಸೀಲ್ಡ್ (ತೂತಿಲ್ಲದ, ಪೂರ್ತಿ ಮುಚ್ಚಿದ ಡಬ್ಬದ) ಸಬ್ ಬಂದು ಈಗ 3 ವರ್ಷ. ನಿಜ ಹೇಳಬೇಕೆಂದರೆ, ಮೊದಲ ತಿಂಗಳು ಹಳೆಯದೇ ವಾಸಿ ಅನ್ನಿಸಿತ್ತು.

ಸದ್ದು ಬರುತ್ತಿತ್ತು, ಆದರೆ ಆಳ ಇರಲಿಲ್ಲ. ಎಲ್ಲಾ ದೃಶ್ಯಕ್ಕೂ ಒಂದೇ ಥರ ಬೂಂ. ಹೆಲಿಕಾಪ್ಟರ್ ಬಂದರೂ ಬೂಂ, ಬಾಗಿಲು ಮುಚ್ಚಿದರೂ ಬೂಂ. ವಿಚಿತ್ರ ಏನೆಂದರೆ, ನೀರು ಕುಡಿಯಲು ಎದ್ದು ಹಿಂದಿನ ಗೋಡೆ ಹತ್ತಿರ ಹೋದರೆ ಅಲ್ಲಿ ಎದೆ ನಡುಗುವಷ್ಟು ಬೇಸ್! ಸೋಫಾಗೆ ವಾಪಸ್ ಬಂದು ಕೂತರೆ ಮಾಯ.

ಟೇಪ್ ಹಿಡಿದು ಅಳೆದ ಮೇಲೆ ವಿಷಯ ಗೊತ್ತಾಯಿತು. ನಮ್ಮ ರೂಮಿನ ಉದ್ದ 4.5 ಮೀಟರ್. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 38 ಹರ್ಟ್ಜ್, ಅಂದರೆ ಸೆಕೆಂಡಿಗೆ 38 ಕಂಪನ, ಬರುತ್ತದೆ. ಗೋಡೆಗಳ ನಡುವೆ ಪುಟಿಯುವ ಆ 38 ಹರ್ಟ್ಜ್ ಸದ್ದು ಎರಡೂ ತುದಿಯ ಗೋಡೆಗಳ ಹತ್ತಿರ ಜೋರಾಗಿರುತ್ತದೆ, ರೂಮಿನ ನಟ್ಟನಡುವೆ ಹೆಚ್ಚುಕಡಿಮೆ ಸತ್ತೇ ಹೋಗಿರುತ್ತದೆ. ಅದರ ದುಪ್ಪಟ್ಟು 76 ಹರ್ಟ್ಜ್ ಮಾತ್ರ ನಡುವೆಯೇ ಉಬ್ಬಿಕೊಂಡಿರುತ್ತದೆ. ನನ್ನ ಸೋಫಾ ಎಲ್ಲಿತ್ತು? ಸರಿಯಾಗಿ ನಡುವೆ. ಬೇಕಾದ ಆಳ ಅಳಿಸಿ, ಬೇಡದ ಬೂಂ ಮಾತ್ರ ಕೇಳುವ ಜಾಗ ಹುಡುಕಿ ಕೂತಿದ್ದೆ ಅನ್ನಿ. ಇದಕ್ಕೆ ಇನ್ನೂ ಎಷ್ಟು ವ್ಯಾಟ್ ಸುರಿದರೂ ಪ್ರಯೋಜನವಿಲ್ಲ. ಸೋಫಾನ 60 ಸೆಂಟಿಮೀಟರ್ ಹಿಂದೆ ಸರಿಸಿದೆ, ಅಷ್ಟೇ. ಅವತ್ತು ರಾತ್ರಿ ನೋಡಿದ್ದ ಸಿನಿಮಾನೇ ಮತ್ತೆ ಹಾಕಿ ನೋಡಿದೆ.

ಆಮೇಲೆ ಸಬ್ ಇಡುವ ಜಾಗದ ಸರದಿ. ಇದಕ್ಕೊಂದು ಹಳೆಯ ಉಪಾಯವಿದೆ: ನೀವು ಕೂರುವ ಜಾಗದಲ್ಲಿ ಸಬ್ ಇಟ್ಟು, ಬೇಸ್ ಇರುವ ಒಂದು ಹಾಡು ಹಾಕಿ, ಗೋಡೆ ಪಕ್ಕ ಅಂಬೆಗಾಲಿಟ್ಟು ಹೋಗಬೇಕು. ಎಲ್ಲಿ ಎಲ್ಲಾ ಸ್ವರಗಳೂ ಸಮನಾಗಿ ಕೇಳುತ್ತವೋ ಅಲ್ಲೇ ಸಬ್‌ನ ಜಾಗ. ಇಪ್ಪತ್ತು ಕಿಲೋಗೂ ಮೀರಿದ ಡಬ್ಬವನ್ನು ಸೋಫಾ ಮೇಲೆ ಎತ್ತಿಟ್ಟು, ಮಂಡಿಯೂರಿ, ಕಿವಿ ನೆಲದ ಹತ್ತಿರ ಇಟ್ಟುಕೊಂಡು ಹೋಗುತ್ತಿದ್ದೆ. ಅಮ್ಮ ಬಂದವರು, "ಏನೋ ಕಳ್ಕೊಂಡೆ?" ಅಂದರು. ಮೂಲೆಯಲ್ಲಿ ಬೇಸ್ ಜೋರು, ಆದರೆ ಮಂಕು ಮಂಕು. ಟಿವಿ ಪಕ್ಕದ ಗೋಡೆಯಲ್ಲಿ, ಮೂಲೆಯಿಂದ ಸುಮಾರು ಒಂದು ಮೀಟರ್ ಈಚೆಗೆ, ಗಿಟಾರಿನ ದಪ್ಪ ತಂತಿಯ ಒಂದೊಂದು ಮೀಟೂ ಬೇರೆ ಬೇರೆಯಾಗಿ ಕೇಳಿತು. ಸಬ್ ಇವತ್ತಿಗೂ ಅಲ್ಲೇ ಇದೆ.

ಸೀಲ್ಡಾ, ಪೋರ್ಟೆಡ್ಡಾ? ಸಣ್ಣ, ಬಾಗಿಲು ಹಾಕಿಕೊಳ್ಳುವ ರೂಮಿಗೆ ನನ್ನ ಓಟು ಸೀಲ್ಡ್‌ಗೆ. ತನ್ನ ಮಿತಿಗಿಂತ ಕೆಳಗೆ ಸೀಲ್ಡ್ ಸಬ್ ಆಕ್ಟೇವ್‌ಗೆ (ಹರ್ಟ್ಜ್ ಅರ್ಧವಾದಾಗಲೆಲ್ಲ) ಸುಮಾರು 12 ಡೆಸಿಬೆಲ್‌ನಂತೆ ಇಳಿಯುತ್ತದೆ, ಪೋರ್ಟೆಡ್ ಸುಮಾರು 24ರಂತೆ. ಸಣ್ಣ ರೂಮು ಕೆಳಗಿನ ಬೇಸ್‌ಗೆ ತಾನೇ ಒಂದಿಷ್ಟು ಬಲ ಕೊಡುವುದರಿಂದ ಸೀಲ್ಡ್‌ನ ನಿಧಾನದ ಇಳಿತಕ್ಕೆ ಅದು ಸರಿಹೊಂದುತ್ತದೆ. ದೊಡ್ಡ ಹಾಲ್, ಅದೂ ಅಡುಗೆಮನೆಗೆ ತೆರೆದುಕೊಂಡಿದ್ದರೆ ಪೋರ್ಟೆಡ್ ತಗೊಳ್ಳಿ. ಅಷ್ಟೇ ವ್ಯಾಟ್‌ಗೆ 20-30 ಹರ್ಟ್ಜ್ ಸುತ್ತ ಹೆಚ್ಚು ಸದ್ದು ಸಿಗುತ್ತದೆ.

ವ್ಯಾಟ್ ಬಗ್ಗೆ ಒಂದು ಮಾತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವುದು ಸಾಮಾನ್ಯವಾಗಿ ಪೀಕ್ ವ್ಯಾಟ್ (ಕ್ಷಣಮಾತ್ರ ಕೊಡುವ ಬಲ), ನೋಡಬೇಕಾದ್ದು ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲದ್ದು). ವ್ಯಾಟ್ ಎರಡರಷ್ಟಾದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಕೋನ್‌ನ (ಅಲುಗಿ ಸದ್ದು ಹೊಡೆಯುವ ತಟ್ಟೆಯ) ಅಗಲ ಮಾತ್ರ ಸುಮ್ನೆ ಅಲ್ಲ. 8 ಇಂಚಿಗಿಂತ 12 ಇಂಚಿನ ಕೋನ್‌ನ ವಿಸ್ತೀರ್ಣ ಎರಡೂಕಾಲು ಪಟ್ಟು. "20 ಹರ್ಟ್ಜ್‌ವರೆಗೆ" ಅಂತ ಬರೆದು ಪಕ್ಕದಲ್ಲಿ ಎಷ್ಟು ಡೆಸಿಬೆಲ್ ಏರುಪೇರು ಅನ್ನುವುದನ್ನು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ.

ರಿಸೀವರ್‌ನಲ್ಲಿ (ಎಲ್ಲಾ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆ) ಉಳಿದ ಸ್ಪೀಕರ್‌ಗಳನ್ನು 'ಸ್ಮಾಲ್' ಮಾಡಿ, ಅಂದರೆ ಅವುಗಳ ಬೇಸ್ ಸಬ್‌ಗೆ ಹೋಗುವಂತೆ ಮಾಡಿ, ಎಲ್ಲಿಂದ ಕೆಳಗಿನ ಸದ್ದು ಸಬ್‌ಗೆ ಅಂತ ತೀರ್ಮಾನಿಸುವ ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಟ್ಟಿದ್ದೇನೆ. ಸಬ್ ಹಿಂದಿನ ಕ್ರಾಸ್‌ಓವರ್ ತಿರುಗಣೆ ಪೂರ್ತಿ ಮೇಲಕ್ಕೆ. ಇಲ್ಲದಿದ್ದರೆ ಎರಡೆರಡು ಸಲ ಸೋಸಿದಂತಾಗುತ್ತದೆ. ಮೈಕ್ ಇಟ್ಟು ಅಳೆದಾಗ ರಿಸೀವರ್ ಸಬ್‌ನ ದೂರ 5 ಮೀಟರ್ ಅಂತ ತೋರಿಸಿತು. ಟೇಪ್‌ನಲ್ಲಿ ಅದು 3.2 ಮೀಟರ್. ತಪ್ಪು ಅಂದುಕೊಂಡು ತಿದ್ದಬೇಡಿ. ಸಬ್ ಒಳಗಿನ ಸರ್ಕ್ಯೂಟ್ ಸದ್ದನ್ನು ಸ್ವಲ್ಪ ತಡಮಾಡುತ್ತದೆ, ಆ ತಡವನ್ನೇ ಅದು ದೂರವಾಗಿ ಲೆಕ್ಕ ಹಾಕಿರುತ್ತದೆ. ನಾನು ತಿದ್ದಿ, ಒಂದು ವಾರ ತೆಳ್ಳಗಿನ ಬೇಸ್ ಕೇಳಿ, ವಾಪಸ್ ಹಾಕಿದೆ.

ಇನ್ನು ಕಾಟಗಳು. ಮೊದಲನೆಯದು ಆಟೋ ಸ್ಟ್ಯಾಂಡ್‌ಬೈ. ರಾತ್ರಿ ಸಣ್ಣ ಸದ್ದಿನಲ್ಲಿ ನೋಡುವಾಗ ಸಬ್ ನಿದ್ದೆ ಹೋಗುತ್ತದೆ, ಆಮೇಲೆ ಅರ್ಧ ದೃಶ್ಯ ಕಳೆದ ಮೇಲೆ 'ಧಡ್' ಅಂತ ಏಳುತ್ತದೆ. ಸಬ್‌ನ ಗೇನ್ (ಸಬ್ ಮೇಲಿನ ವಾಲ್ಯೂಮ್ ತಿರುಗಣೆ) ಇಳಿಸಿ, ರಿಸೀವರ್‌ನಲ್ಲಿ ಸಬ್ ಲೆವೆಲ್ ಅಷ್ಟೇ ಏರಿಸಿದೆ. ಸಿಗ್ನಲ್ ಜೋರಾಗಿ ಹೋಗುವುದರಿಂದ ಈಗ ನಿದ್ದೆ ಕಡಿಮೆ. ಎರಡನೆಯದು, ಎರಡನೇ ವರ್ಷ ಶುರುವಾದ 'ಗುಂಯ್' ಸದ್ದು. ನೋಡಲು ಬಂದ ಮೆಕ್ಯಾನಿಕ್ ಆಂಪ್ ಬೋರ್ಡೇ ಬದಲಾಯಿಸಬೇಕು ಅಂದ. ಅವನು ಹೋದ ಮೇಲೆ ಒಂದೊಂದೇ ವೈರ್ ಕಿತ್ತು ನೋಡಿದೆ. ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಕಿತ್ತ ತಕ್ಷಣ ಸದ್ದು ನಿಂತಿತು. ಗ್ರೌಂಡ್ ಲೂಪ್! ಅಂದರೆ ಸಾಧನಗಳ ಅರ್ಥಿಂಗ್ ಕೇಬಲ್ ಮೂಲಕ ಸುತ್ತು ಹಾಕಿಕೊಂಡು ಕರೆಂಟಿನ ಸದ್ದು ನುಸುಳುವುದು. ಆ ಕೇಬಲ್‌ಗೆ ಒಂದು ಐಸೊಲೇಟರ್ ಹಾಕಿದ ಮೇಲೆ ಸುದ್ದಿಯಿಲ್ಲ. ಮೂರನೆಯದು, ಗೋಡೆಯ ಫೋಟೋ ಫ್ರೇಮ್. 45 ಹರ್ಟ್ಜ್ ಹತ್ತಿರ ಬಂದರೆ ಗಿರ್ರ್ ಅನ್ನುತ್ತಿತ್ತು, ತಿಂಗಳುಗಟ್ಟಲೆ ಸಬ್‌ನ ಕೋನ್ ಹರಿದಿದೆ ಅಂದುಕೊಂಡಿದ್ದೆ. ಹಿಂದೆ ಬಟ್ಟೆಯ ಎರಡು ತುಂಡು ಅಂಟಿಸಿದೆ.

ಕೆಳಗಿನ ಮನೆಯವರ ವಿಷಯದಲ್ಲಿ ಮಾತ್ರ ಉಪಾಯ ಸಿಕ್ಕಿಲ್ಲ. ರಬ್ಬರ್ ಪ್ಯಾಡ್ ಇಟ್ಟೆ. ನೆಲದ ನಡುಕ ಕಡಿಮೆಯಾಯಿತು, ಆದರೆ ಗಾಳಿಯಲ್ಲಿ ಹೋಗುವ ಬೇಸ್‌ಗೆ ಪ್ಯಾಡ್ ಏನು ಮಾಡೀತು, ಅಲ್ವಾ? ರಾತ್ರಿ ಹತ್ತಾದ ಮೇಲೆ ಸಬ್ ಲೆವೆಲ್ 6 ಡೆಸಿಬೆಲ್ ಇಳಿಸುತ್ತೇನೆ.

ಮತ್ತೆ ಆರಿಸುವುದಾದರೆ ಒಂದು 12 ಇಂಚಿನ ಬದಲು ಎರಡು 10 ಇಂಚಿನವು ತೆಗೆದುಕೊಳ್ಳುತ್ತೇನೆ. ಒಂದು ಸಬ್ ಬಿಟ್ಟ ಹಳ್ಳವನ್ನು ಇನ್ನೊಂದು ತುಂಬುತ್ತದೆ, ಸೋಫಾದ ಎರಡೂ ತುದಿಯಲ್ಲಿ ಕೂತವರಿಗೆ ಹತ್ತಿರ ಹತ್ತಿರ ಒಂದೇ ಬೇಸ್ ಸಿಗುತ್ತದೆ. ಎರಡನೆಯದಕ್ಕೆ ಜಾಗವನ್ನೂ ಅಂಬೆಗಾಲಿಟ್ಟೇ ಗುರುತು ಮಾಡಿಕೊಂಡಿದ್ದೇನೆ. ಸದ್ಯಕ್ಕೆ ಅಲ್ಲಿ ಅಮ್ಮನ ಹೊಲಿಗೆ ಮಷೀನ್ ಇದೆ.