ಅಮರಕಂಟಕ, ವಿಜಯನಗರಂ, ಬೆಂಗಳೂರು: ಓದಿ ನೋಡಿದ ಮೇಲೆ ಹೇಳುತ್ತಿದ್ದೇನೆ

ಫಲಿತಾಂಶ ಬಂದಾಗಿನಿಂದ ಬೆಟ್ಟದಿಂದ ಬರುವ ಫೋನು ನಿಂತಿಲ್ಲ. ಚಿಕ್ಕವ್ವನ ಮಗಳು, ಅವಳ ಗೆಳತಿಯರು, ಪಕ್ಕದ ಪೋಡಿನ (ನಮ್ಮ ಹಾಡಿಗೆ ಪೋಡು ಅನ್ನುತ್ತೇವೆ) ಹುಡುಗರು, ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕ, ಬೆಂಗಳೂರಿಗೇ ಬರೋದಾ, ಇಲ್ಲಾ ಆ ಟ್ರೈಬಲ್ ಯೂನಿವರ್ಸಿಟಿಗೆ ಹೋಗೋದಾ?"

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ಬಿ.ಎ. ಓದಿದ್ದು ಬೆಂಗಳೂರಿನ ಒಂದು ಕಾಲೇಜಿನಲ್ಲಿ, ಎಂ.ಎ. ಮಧ್ಯಪ್ರದೇಶದ ಅಮರಕಂಟಕದಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯದಲ್ಲಿ. ತಮ್ಮ 2024ರಿಂದ ಆಂಧ್ರದ ಕೇಂದ್ರೀಯ ಬುಡಕಟ್ಟು ವಿಶ್ವವಿದ್ಯಾಲಯದಲ್ಲಿದ್ದಾನೆ. ಅದು ಇರುವುದು ವಿಜಯನಗರಂನಲ್ಲಿ. ಅವನನ್ನು ಸೇರಿಸಲು ಹೋದವಳು ಹತ್ತು ದಿನ ಅಲ್ಲೇ ಇದ್ದು ಬಂದೆ. ಈಗ ಇರುವುದು, ದುಡಿಯುವುದು ಬೆಂಗಳೂರಿನಲ್ಲಿ. ನನ್ನ ಮನಸ್ಸು ಅಮರಕಂಟಕದ ಕಡೆಗೇ ಅಂತ ಮೊದಲೇ ಹೇಳಿಬಿಡುತ್ತೇನೆ.

ಬುಡಕಟ್ಟು ವಿಶ್ವವಿದ್ಯಾಲಯ ಅಂದರೆ ಸೀಟೆಲ್ಲ ನಮಗೇ ಅಂದುಕೊಂಡವರಿದ್ದಾರೆ. ಹಾಗಿಲ್ಲ, ಅಲ್ಲಿ ಯಾರು ಬೇಕಾದರೂ ಓದಬಹುದು. ಕೇಂದ್ರದ ಕಾನೂನಿನಲ್ಲಿ ಪರಿಶಿಷ್ಟ ಪಂಗಡಕ್ಕಿರುವುದು ಶೇ. 7.5. ಕರ್ನಾಟಕದಲ್ಲಿ 2022ರಲ್ಲಿ ಶೇ. 3ರಿಂದ 7ಕ್ಕೆ ಏರಿತು. ಆದ್ದರಿಂದ ಮೀಸಲಾತಿ ನೋಡಿಕೊಂಡು ಅಷ್ಟು ದೂರ ಹೋಗಬೇಡಿ. ಬೇರೆ ಕಾರಣ ಇದ್ದರೆ ಹೋಗಿ.

ನನಗೆ ಆ ಕಾರಣ ಸಿಕ್ಕಿದ್ದು ಮೊದಲ ಸೆಮಿಸ್ಟರಿನಲ್ಲಿ. ಅರಣ್ಯ ಹಕ್ಕು ಕಾಯ್ದೆಯ ಪಾಠ ನಡೆದಿತ್ತು. ಪಕ್ಕದ ದಿಂಡೋರಿ ಜಿಲ್ಲೆಯ ಬೈಗಾ ಬುಡಕಟ್ಟಿನ ಹುಡುಗನೊಬ್ಬ ಎದ್ದು, ದೇಶದಲ್ಲೇ ಮೊದಲು ಆವಾಸ ಹಕ್ಕು, ಅಂದರೆ ತಲೆತಲಾಂತರದಿಂದ ಬಾಳಿದ ನೆಲ ಕಾಡಿನ ಮೇಲಿನ ಹಕ್ಕು, ಸಿಕ್ಕಿದ್ದು ತನ್ನ ಜನಕ್ಕೆ ಅಂತ ಹೇಳಿದ. ನಾನೂ ಎದ್ದೆ. 2011ರಲ್ಲಿ ನಮ್ಮ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಗಿದ್ದು, ಅದೇ ವರ್ಷ ಅದರೊಳಗಿನ ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು, ಜೇನು, ನೆಲ್ಲಿಕಾಯಿ, ಪಾಚಿ ತರುವುದಕ್ಕೂ ನಮ್ಮ ಹಿರಿಯರು ಪಟ್ಟ ಪಾಡು, ಎಲ್ಲವನ್ನೂ ಹರುಕು ಮುರುಕು ಹಿಂದಿಯಲ್ಲೇ ಹೇಳಿದೆ. ಇಡೀ ತರಗತಿ ಕೇಳಿಸಿಕೊಂಡಿತು. ಬೆಂಗಳೂರಿನ ಮೂರು ವರ್ಷಗಳಲ್ಲಿ ನನ್ನ ಜನದ ಬಗ್ಗೆ ನನ್ನನ್ನು ಕೇಳಿದ್ದು ಒಂದೇ ಮಾತು, "ಹುಲಿ ನೋಡಿದ್ದೀಯಾ?" ಅಂತ. ಎರಡನೇ ವರ್ಷದ ಹೊತ್ತಿಗೆ ಊರು ಯಾವುದು ಅಂದರೆ ಚಾಮರಾಜನಗರ ಅಂದು ಸುಮ್ಮನಾಗುತ್ತಿದ್ದೆ.

ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು ಬಸ್ತರ್ ಕಡೆಯ ಗೋಂಡಿ ಹುಡುಗಿ. ಒಂದು ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತಾ ಅವಳು ತನ್ನ ಕೈ ತೋರಿಸಿ "ಕೈ" ಅಂದಳು, ಕಣ್ಣು ತೋರಿಸಿ "ಕಣ್" ಅಂದಳು. ನಾನು ಎದ್ದು ಕೂತೆ. ಗೋಂಡಿಯೂ ಕನ್ನಡದ ಹಾಗೆ ದ್ರಾವಿಡ ಭಾಷೆ ಅಂತ ಪುಸ್ತಕದಲ್ಲಿ ಓದಿದ್ದೆ. ಆದರೆ ಮನೆಯಿಂದ ಅಷ್ಟು ದೂರದಲ್ಲಿ ಅದು ಕಿವಿಗೆ ಬಿದ್ದಾಗ ಆದ ಸಮಾಧಾನವೇ ಬೇರೆ.

ಇನ್ನು ತೊಡಕಿನ ಮಾತು. ಇದನ್ನು ಚೆನ್ನಾಗಿ ಓದಿಕೊಳ್ಳಿ, ನನ್ನ ಸೀಟು ಇದರಿಂದಲೇ ಕೈತಪ್ಪುವುದರಲ್ಲಿತ್ತು. ಬೆಂಗಳೂರಿನ ಕಾಲೇಜಿಗೆ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೊಟ್ಟರೆ ಮುಗಿಯಿತು. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಹೋಗುವವರಿಗೆ ಕೇಂದ್ರದ ನಮೂನೆಯಲ್ಲಿ, ಇಂಗ್ಲಿಷಿನಲ್ಲಿ ಬರೆದ ಪ್ರಮಾಣಪತ್ರ ಬೇಕು. ಅದಕ್ಕಾಗಿ ಊರಿನ ತಾಲ್ಲೂಕು ಕಚೇರಿಗೆ ಹೋದೆ. ಹದಿನೈದು ದಿನ ಕಾಯಿಸಿ ಕೊಟ್ಟರು. ನೋಡಿದರೆ ಬರೀ "ಸೋಲಿಗ" ಅಂತಿದೆ.

ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾವು ಎರಡು ಕಡೆ ಇದ್ದೇವೆ, ಒಂದು ಸಾಲಿನಲ್ಲಿ "ಶೋಲಗ", ಇನ್ನೊಂದರಲ್ಲಿ "ಸೋಲಿಗರು". ಬರೀ "ಸೋಲಿಗ" ಎರಡೂ ಕಡೆ ಇಲ್ಲ. ತಿದ್ದಿಕೊಡಿ ಅಂದಾಗ ಗುಮಾಸ್ತರು, "ಏನಮ್ಮ, ಸೋಲಿಗ ಆದ್ರೇನು, ಸೋಲಿಗರು ಆದ್ರೇನು, ಎರಡೂ ಒಂದೇ ಅಲ್ವಾ?" ಅಂದರು. ನಮಗೆ ಒಂದೇ. ಸಾವಿರಾರು ಕಿಲೋಮೀಟರ್ ಆಚೆ ಕೂತು ಪಟ್ಟಿಗೂ ಪತ್ರಕ್ಕೂ ತಾಳೆ ಹಾಕುವವರಿಗೆ ಅದು ಗೊತ್ತಾಗುವುದು ಹೇಗೆ? ಎರಡನೇ ಸಲ ಬಂದದ್ದು "ಸೊಲಗರು". ಮೂರನೇ ಸಲ ಪಟ್ಟಿಯ ಪುಟವನ್ನೇ ಜೆರಾಕ್ಸ್ ಮಾಡಿಸಿ, ನಮ್ಮ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಮೇಜಿನ ಮೇಲಿಟ್ಟೆ. ಆಗ ಸರಿಯಾಯಿತು. ಬೆಂಗಳೂರಿನಿಂದ ಪ್ರತಿ ಸಲ ಹೋಗಿಬರುವ ಬಸ್ಸಿಗೇ 500 ರೂಪಾಯಿ, ಜೊತೆಗೆ ಒಂದು ದಿನದ ಕೂಲಿ ಖೋತಾ. ಪತ್ರ ಕೈಗೆ ಬಂದಾಗ ಕೊನೆಯ ದಿನಾಂಕಕ್ಕೆ ಉಳಿದಿದ್ದು ಎರಡೇ ದಿನ. ನೀವು ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ, ಪತ್ರ ಕೈಗೆ ಕೊಟ್ಟ ತಕ್ಷಣ ಅಲ್ಲೇ ನಿಂತು ಒಂದೊಂದು ಅಕ್ಷರವನ್ನೂ ಓದಿ.

ವಿಜಯನಗರಂ ಬಗ್ಗೆ ನನಗೇನೂ ಬೇಸರವಿಲ್ಲ. ಆಂಧ್ರ ಇಬ್ಭಾಗವಾದಾಗ 2014ರ ಕಾನೂನಿನಲ್ಲೇ ಎರಡೂ ರಾಜ್ಯಗಳಿಗೆ ಬುಡಕಟ್ಟು ವಿಶ್ವವಿದ್ಯಾಲಯದ ಮಾತು ಕೊಟ್ಟಿದ್ದರು. ಇದು 2019ರಲ್ಲಿ ಶುರುವಾಯಿತು. ತಮ್ಮ ಸೇರಿದಾಗ ತರಗತಿ ನಡೆಯುತ್ತಿದ್ದದ್ದು ಆಂಧ್ರ ವಿಶ್ವವಿದ್ಯಾಲಯದ ಹಳೆಯ ಕ್ಯಾಂಪಸ್ಸಿನಲ್ಲಿ, ಕಾಯಂ ಜಾಗ ಬೇರೆ ಕಡೆ. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ತೆಲುಗು ಲಿಪಿ ನಮ್ಮದರ ಹಾಗೇ ಇರುವುದರಿಂದ ತಮ್ಮ ಎರಡನೇ ದಿನಕ್ಕೇ ಅಂಗಡಿಗಳ ಬೋರ್ಡು ಓದತೊಡಗಿದ. ಹೊಸ ಭಾಷೆಗೆ ಹೆದರುವವರು ಅಲ್ಲಿಗೇ ಹೋಗಿ. ತೆಲಂಗಾಣದ ಮುಲುಗಿನಲ್ಲಿ ಸಮ್ಮಕ್ಕ ಸಾರಕ್ಕ ಹೆಸರಿನದು 2023ರ ಕಾನೂನಿನಿಂದ ಬಂತು, ನಮ್ಮ ಮನೆಯವರು ಯಾರೂ ಹೋಗಿಲ್ಲ, ಹಾಗಾಗಿ ಅದರ ಮಾತು ಬೇಡ.

ಅಮರಕಂಟಕದ ದಾರಿ ಉದ್ದ. ಯಶವಂತಪುರದಿಂದ ವೈನಗಂಗಾ ಎಕ್ಸ್‌ಪ್ರೆಸ್, ಅದೂ ದಿನಾ ಇಲ್ಲ. ಬಿಲಾಸ್‌ಪುರದಲ್ಲಿ ಇಳಿದು ಇನ್ನೊಂದು ರೈಲಿನಲ್ಲಿ ಪೆಂಡ್ರಾ ರೋಡ್, ಅಲ್ಲಿಂದ ಘಾಟಿ ಹತ್ತಬೇಕು. ಚಳಿ ಜೋರು, ಕಂಬಳಿ ಎರಡು ಬೇಕು. ರಾಗಿ ಹಿಟ್ಟು ಇಲ್ಲಿಂದಲೇ ಒಯ್ಯಿರಿ. ಅವರು ಕೋದೋ, ಕುಟ್ಕಿ ಅನ್ನುವುದು ನಮ್ಮ ಹಾರಕ, ಸಾಮೆಯೇ. ಗೆಳತಿಯ ಮನೆಯಲ್ಲಿ ಉಂಡಾಗ ಅಜ್ಜಿ ಬಡಿಸಿದ ಹಾಗೇ ಇತ್ತು.

ದುಡ್ಡಿನ ಲೆಕ್ಕದಲ್ಲಿ ಬೆಂಗಳೂರೇ ಮುಂದು, ಅದನ್ನು ಒಪ್ಪುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಯಳಂದೂರಿನವರೆಗೂ ಬಸ್ಸಿನ ಖರ್ಚೇ ಇಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ, ತಿಂಗಳಿಗೊಮ್ಮೆ ಅವ್ವನ ಮುಖ ನೋಡದೆ ಇರಲಾಗದಿದ್ದರೆ ಇಲ್ಲೇ ಓದಿ. ನಾನು ವರ್ಷಕ್ಕೆ ಎರಡೇ ಸಲ, ಸ್ಲೀಪರ್ ಬೋಗಿಯಲ್ಲಿ ಊರಿಗೆ ಬರುತ್ತಿದ್ದೆ. ಬೆಟ್ಟದಲ್ಲಿ ಬೆಳೆದವಳಾದ್ದರಿಂದ ಚಳಿ ಬಾಧಿಸಲಿಲ್ಲ, ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಆರಿಸು ಅಂದರೂ ಆ ರೈಲೇ ಹತ್ತುತ್ತೇನೆ.

ಚಿಕ್ಕವ್ವನ ಮಗಳ ಪ್ರಮಾಣಪತ್ರವನ್ನು ಮೊನ್ನೆ ವಾಟ್ಸಾಪಿನಲ್ಲಿ ತರಿಸಿ ನೋಡಿದೆ. "ಸೋಲಿಗರು" ಸರಿಯಾಗಿದೆ. ಚಿಕ್ಕಪ್ಪನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಸೋಮವಾರ ಬೆಳಿಗ್ಗೆಯೇ ಹೋಗಿ ತಿದ್ದಿಸಿಕೊಂಡು ಬಾ ಅಂದಿದ್ದೇನೆ.