ಅಮ್ಮನಿಗೆ ತಂದ 950 ರೂಪಾಯಿಯ ಸ್ಪೀಕರ್

ಕಾಸರಗೋಡು ಪೇಟೆಯಿಂದ ತಂದದ್ದು. ಪೆನ್‌ಡ್ರೈವ್ ಹಾಕಬಹುದಾದ ಸಣ್ಣ ಬ್ಲೂಟೂತ್ ಸ್ಪೀಕರ್. ಬಯ್ಯುವುದಕ್ಕೂ ಇದೆ, ಹಾಗಾಗಿ ಕಂಪೆನಿಯ ಹೆಸರು ಬೇಡ.

ಅಪ್ಪ ಹೋದದ್ದು ಮಳೆ ಹಿಡಿದ ಮೇಲೆ. ಹದಿಮೂರು ದಿನ ಮನೆಯಲ್ಲಿ ಟಿವಿ ಹಾಕಲಿಲ್ಲ. ಆಮೇಲೆ ಅಮ್ಮನ ಮನಸ್ಸು ಸ್ವಲ್ಪ ಹಗುರಾಗಲಿ ಅಂತ ಭಾವ ಮಲಯಾಳಂ ಕಾಮಿಡಿ ಹಾಕಿದರು, ಅಮ್ಮ ಸುಮ್ನೆ ಎದ್ದು ಒಳಗೆ ಹೋದಳು. ಅವಳಿಗೆ ಬೇಕಾದದ್ದು ಯಕ್ಷಗಾನದ ತಾಳಮದ್ದಳೆ. ಅದೂ ವಾಲಿವಧೆ, ಅದೂ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವೇ, ಅಂದರೆ ಪಾತ್ರವಾಗಿ ಅವರು ಆಡುವ ಮಾತೇ ಆಗಬೇಕು. ಶೇಣಿಯವರು ತೀರಿಕೊಂಡದ್ದು 2006ರಲ್ಲಿ, ಈಗ ದಿನಾ ರಾತ್ರಿ ನಮ್ಮ ಕೋಣೆಯಲ್ಲಿ ಮಾತಾಡುತ್ತಾರೆ.

ತಾಳಮದ್ದಳೆಗೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಕೂತವರ ಮಾತು ಅಷ್ಟೇ, ಹಾಗಾಗಿ ದೀಪ ಆರಿಸಿ ಮಲಗಿಕೊಂಡೇ ಕೇಳಬಹುದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವಲ್ಲಿಗೆ ಅಮ್ಮ ಅಳುತ್ತಾಳೆ, ಅತ್ತು ನಿದ್ದೆ ಹೋಗುತ್ತಾಳೆ. ಅಪ್ಪನಿಗಾಗಿ ಅತ್ತರೆ ನಾವೆಲ್ಲ ಸಮಾಧಾನ ಮಾಡಲು ಓಡಿ ಬರುತ್ತೇವೆ, ವಾಲಿಗಾಗಿ ಅತ್ತರೆ ಯಾರೂ ಬರುವುದಿಲ್ಲ ಅಲ್ವಾ.

ಸ್ಪೀಕರ್ ವಿಷಯಕ್ಕೆ ಬರುತ್ತೇನೆ. ಮಾತು ಸ್ಪಷ್ಟ ಕೇಳುತ್ತದೆ, ಚೆಂಡೆ ಬಂದಾಗ ಮಾತ್ರ ದನಿ ಒಡೆಯುತ್ತದೆ. ಬಾಕ್ಸಿನ ಮೇಲೆ ಬ್ಯಾಟರಿ 10 ಗಂಟೆ ಅಂತ ಬರೆದಿದೆ, ನಮಗೆ ಸಿಕ್ಕಿದ್ದು 6. ಆಟಿ ತಿಂಗಳ ಮಳೆಗೆ ಕರೆಂಟ್ ಹೋದ ರಾತ್ರಿಗಳಿಗೆ ಅಷ್ಟು ಸಾಕಾಯಿತು. 128 ಕೆಬಿಪಿಎಸ್‌ನ ಎಂಪಿ3 ಆದರೆ ನಿಮಿಷಕ್ಕೆ ಹೆಚ್ಚುಕಮ್ಮಿ 1 ಎಂಬಿ, ಮೂರು ಗಂಟೆಯ ಪ್ರಸಂಗ 180 ಎಂಬಿ ಒಳಗೆ, 32 ಜಿಬಿ ಪೆನ್‌ಡ್ರೈವ್‌ನಲ್ಲಿ ಒಂದು ಮಳೆಗಾಲ ಕಳೆಯುವಷ್ಟು ಹಿಡಿಯುತ್ತದೆ.

ಇನ್ನು ಬಯ್ಯುವುದು. ಆನ್ ಮಾಡಿದ ಕೂಡಲೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬ್ಲೂಟೂತ್ ಮೋಡ್ ಅಂತ ಕಿರುಚುತ್ತಾಳೆ. ಅವಳ ದನಿ ಕಡಿಮೆ ಮಾಡುವ ದಾರಿಯೇ ಇಲ್ಲ, ಮೊದಲ ರಾತ್ರಿ ದೊಡ್ಡಮ್ಮ ಬೆಚ್ಚಿಬಿದ್ದು ಎದ್ದು ಕೂತಿದ್ದರು. ಆಮೇಲೆ, ಆಫ್ ಮಾಡಿದರೆ ಎಲ್ಲಿಗೆ ನಿಂತಿತ್ತು ಅನ್ನುವ ನೆನಪು ಇದಕ್ಕಿಲ್ಲ, ಮರುದಿನ ಮತ್ತೆ ಮೊದಲಿಂದಲೇ ಶುರು. ಇಪ್ಪತ್ತು ನಿಮಿಷದ ತುಂಡು ಮಾಡಿ ಕೊಡ್ತೇನೆ ಅಂತ ಅಮ್ಮನಿಗೆ ಅಂದೆ.

"ಬೇಡ ಮಗಾ, ಮೊದಲಿಂದಲೇ ಬರಲಿ, ನನಗೇನು ಅರ್ಜೆಂಟು" ಅಂದಳು.

ಹಾಗಾಗಿ ಆ ದೂರು ನನ್ನದು ಮಾತ್ರ. ಐದರಲ್ಲಿ ಮೂರೂವರೆ ಸ್ಟಾರ್. ಆ ಕಿರುಚುವ ಹೆಂಗಸು ಇಲ್ಲದಿದ್ದರೆ ನಾಲ್ಕು.