999, 925, ಗಿಲೀಟು: ಮೂರು ಬೆಳ್ಳಿ ಕಡಗಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈಯಲ್ಲಿ ಈಗಲೂ ಇರುವುದು 925 ಬೆಳ್ಳಿಯ ಕಡಗ. 999ರ ಅಪ್ಪಟ ಬೆಳ್ಳಿಯದ್ದು ಡಬ್ಬಿ ಸೇರಿದೆ. ಗಿಲೀಟಿನದ್ದು, ಅಂದ್ರೆ ಬರೀ ಬೆಳ್ಳಿ ಲೇಪದ್ದು, ಇನ್ನೊಬ್ಬರಿಗೆ ಕೊಡುವ ಹಾಗೂ ಇಲ್ಲ, ಅಷ್ಟು ಕೆಟ್ಟಿದೆ. ಮೂರೂ ಬಾಯಿ ಬಿಟ್ಟ ಕಡಗಗಳೇ, ದಪ್ಪವೂ ಹೆಚ್ಚುಕಮ್ಮಿ ಒಂದೇ.

ಲೆಕ್ಕದಲ್ಲಿ 999ಕ್ಕೂ 925ಕ್ಕೂ ಇರುವ ಅಂತರ ಸಣ್ಣದು. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದ 75 ಸಾಮಾನ್ಯವಾಗಿ ತಾಮ್ರ. ಆದರೆ ದಿನಾ ಹಾಕಿಕೊಳ್ಳುವವರಿಗೆ ಆ 75 ಪಾಲೇ ಮುಖ್ಯ. ಅಪ್ಪಟ ಬೆಳ್ಳಿ ತುಂಬಾ ಮೆತ್ತಗೆ. ಕೈಗೆ ತೊಡಲು ಬಾಯಿ ಅಗಲಿಸಿದರೆ ಅಗಲಿಸಿದ ಹಾಗೇ ನಿಂತುಬಿಡುತ್ತದೆ. ಮತ್ತೆ ಒತ್ತಿ ಸರಿ ಮಾಡಬೇಕು. ಒತ್ತಿದರೆ ಗುಂಡಗೆ ಬರುತ್ತದಾ? ಇಲ್ಲ, ಒಂದು ಕಡೆ ಚಪ್ಪಟೆಯಾಗುತ್ತದೆ. ಮೇಜಿನ ಅಂಚಿಗೆ ತಗುಲಿದರೆ ತಗ್ಗು ಬಿತ್ತು ಅಂತಲೇ ಲೆಕ್ಕ. ಬಗ್ಗಿಸಿದಷ್ಟೂ ಲೋಹ ಗಟ್ಟಿಯಾಗುವುದು ನಿಜ, ಆದರೆ ಬಗ್ಗಿದ ಜಾಗವೊಂದೇ ಗಟ್ಟಿಯಾಗುತ್ತಾ ಹೋದರೆ ಮುಂದೆ ಬಿರುಕು ಬಿಡುವುದೂ ಅಲ್ಲೇ. 925 ಹಾಗಲ್ಲ. ಸ್ವಲ್ಪ ಬಾಗುತ್ತದೆ, ಬಿಟ್ಟರೆ ತಾನೇ ವಾಪಸ್ ಬರುತ್ತದೆ.

ಇನ್ನು ಕಪ್ಪಾಗುವ ವಿಷಯ. ನನಗೆ ನಿಜವಾಗಿ ತಲೆನೋವು ತಂದದ್ದು ಇದೊಂದೇ.

999 ಮಾರಿದವರು 'ಇದು ಕಪ್ಪಾಗುವುದೇ ಇಲ್ಲ' ಅಂದಿದ್ದರು. ಆಗುತ್ತದೆ ಸ್ವಾಮಿ, ಸ್ವಲ್ಪ ನಿಧಾನ ಅಷ್ಟೇ. 925ರಲ್ಲಿ ತಾಮ್ರವೂ ಕಪ್ಪಾಗುವುದರಿಂದ ಅದು ಬೇಗ ಬಣ್ಣ ಕೆಡುತ್ತದೆ, ಒಪ್ಪುತ್ತೇನೆ. ಆದರೆ ಬೆಳ್ಳಿ ಎಷ್ಟೇ ಅಪ್ಪಟವಾಗಿರಲಿ, ಗಂಧಕ ಕಂಡರೆ ಅದಕ್ಕೆ ಆಗುವುದಿಲ್ಲ. ಸಾಮಾನ್ಯ ಬಿಸಿಯಲ್ಲಿ ಗಾಳಿಯ ಆಮ್ಲಜನಕ ಅದನ್ನು ಏನೂ ಮಾಡದು. ಗಾಳಿಯಲ್ಲಿ ಚೂರೇ ಚೂರು ಇರುವ ಹೈಡ್ರೋಜನ್ ಸಲ್ಫೈಡ್ ಸಾಕು. ಮೊಟ್ಟೆ, ಉಣ್ಣೆ ಬಟ್ಟೆ, ರಬ್ಬರ್, ಇವುಗಳಲ್ಲೂ ಗಂಧಕ ಇದೆ. ತೇವ ಜೊತೆಗಿದ್ದರೆ ಕೆಲಸ ಇನ್ನೂ ಬೇಗ. ಮೊದಲು ತೆಳು ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ ಬೆರೆತ ಕಪ್ಪು.

ಇದು ಕೊಳೆಯಲ್ಲ, ಸಿಲ್ವರ್ ಸಲ್ಫೈಡ್. ತಮಾಷೆ ಏನಂದ್ರೆ, ಗಣಿಯಲ್ಲಿ ಸಿಗುವ ಅಕ್ಯಾಂಥೈಟ್ ಅನ್ನುವ ಬೆಳ್ಳಿ ಅದಿರೂ ಇದೇ ವಸ್ತು. ನಾರ್ವೆಯ ಕಾಂಗ್ಸ್‌ಬರ್ಗ್ ಗಣಿಯಲ್ಲಿ ಬೆಳ್ಳಿ ಲೋಹವಾಗಿಯೇ, ತಂತಿ ತಂತಿಯಾಗಿ ಸಿಕ್ಕಿದ್ದುಂಟು. ಅದು ಅಪರೂಪ. ಇವತ್ತು ಬರುವ ಬೆಳ್ಳಿಯಲ್ಲಿ ಹೆಚ್ಚಿನದು ಸೀಸ, ಸತು, ತಾಮ್ರ, ಚಿನ್ನ ತೆಗೆಯುವಾಗ ಜೊತೆಗೆ ಸಿಗುವಂಥದ್ದು. ಅಷ್ಟು ಕಷ್ಟಪಟ್ಟು ಗಂಧಕದಿಂದ ಬಿಡಿಸಿ ತಂದ ಬೆಳ್ಳಿ ನಮ್ಮ ಕೈ ಮೇಲೆ ಸುಮ್ನೆ ಕೂತು ಮತ್ತೆ ಅದಿರಾಗಲು ಹೊರಡುತ್ತದೆ ಅಲ್ವಾ!

ಹಾಕಿಕೊಂಡೇ ಇದ್ದರೆ ಅಷ್ಟು ಕಪ್ಪಾಗುವುದಿಲ್ಲ. ಚರ್ಮಕ್ಕೆ ಉಜ್ಜುವ ಒಳಮೈ ಹೊಳೆಯುತ್ತಲೇ ಇರುತ್ತದೆ, ಕೆತ್ತನೆಯ ಗೆರೆಗಳು ಮಾತ್ರ ಕಪ್ಪು ಹಿಡಿಯುತ್ತವೆ. ಕೆಡುವುದು ಎತ್ತಿಟ್ಟಾಗ. 999 ಕಡಗವನ್ನು ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ತೆಗೆದು ನೋಡಿದರೆ ಬ್ಯಾಂಡ್ ಇದ್ದ ಜಾಗದಲ್ಲಿ ಅಷ್ಟೇ ಅಗಲದ ಕಪ್ಪು ಪಟ್ಟಿ, ಕಾಗದದ ಮೇಲಿಂದಲೇ!

ತೊಳೆಯಲು ಪಾಲಿಶ್ ಪೇಸ್ಟ್ ಬೇಡ. ಅದು ಕಪ್ಪಿನ ಜೊತೆ ಬೆಳ್ಳಿಯನ್ನೂ ಉಜ್ಜಿ ತೆಗೆಯುತ್ತದೆ, ಕೆತ್ತನೆ ಮೊಂಡಾಗುತ್ತದೆ. ಅದ್ದಿ ತೆಗೆಯುವ ದ್ರಾವಣಗಳು ಬೇಗ ಕೆಲಸ ಮಾಡುತ್ತವೆ, ಆದರೆ ಜಾಸ್ತಿ ಹೊತ್ತು ಬಿಟ್ಟರೆ ಮೈ ಕಳೆಗುಂದುತ್ತದೆ. ನಾನು ಮಾಡುವುದು ಇಷ್ಟೇ. ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಕಡಗ ಫಾಯಿಲ್‌ಗೆ ತಾಗುವ ಹಾಗೆ ಇಟ್ಟು, ಅಡುಗೆ ಸೋಡಾ ಉದುರಿಸಿ ಕುದಿವ ನೀರು ಸುರಿಯುವುದು. ಸಣ್ಣ ಗುಳ್ಳೆ ಏಳುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆ ಬಂತು ಅಂದ್ರೆ ಗಂಧಕ ಬೆಳ್ಳಿಯನ್ನು ಬಿಡುತ್ತಿದೆ ಅಂತ. ಕಡಗ ಬೆಳ್ಳಗಾಗುತ್ತದೆ, ಫಾಯಿಲ್ ಮಂಕಾಗುತ್ತದೆ. ಬೆಳ್ಳಿ ಮಾತ್ರ ಕಡಗದಲ್ಲೇ ಉಳಿಯುತ್ತದೆ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಒಂದು ಎಚ್ಚರ: ಅಂದಕ್ಕಾಗಿ ಬೇಕಂತಲೇ ಕಪ್ಪು ಮಾಡಿದ ಕೆತ್ತನೆ ಇದ್ದರೆ ಅದೂ ಹೋಗುತ್ತದೆ. ಹರಳು ಅಂಟಿಸಿದ್ದನ್ನಂತೂ ಹೀಗೆ ಮುಳುಗಿಸಬೇಡಿ.

ಗಿಲೀಟಿನ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಹಿತ್ತಾಳೆಯ ಮೇಲೆ ಮೈಕ್ರಾನ್ ಲೆಕ್ಕದ ಬೆಳ್ಳಿ ಪದರ. ಬಾಯಿಯ ಎರಡು ತುದಿಯಲ್ಲಿ ಮೊದಲು ಸವೆಯಿತು, ಹಳದಿ ಇಣುಕಿತು, ಬೆವರಿಗೆ ಮಣಿಕಟ್ಟಿನಲ್ಲಿ ಹಸಿರು ಗೆರೆ ಬಿತ್ತು. ಮನೆಯಲ್ಲಿ ಅದಕ್ಕೆ ಮದ್ದಿಲ್ಲ, ಮತ್ತೆ ಲೇಪ ಹಾಕಿಸಬೇಕು. ಅಂದ ಹಾಗೆ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತು ಸೇರಿದ ಬೆರಕೆ.

ಗುರುತು ಹಿಡಿಯಲು ಅಯಸ್ಕಾಂತ ನಂಬಬೇಡಿ. ಬೆಳ್ಳಿಯೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಬಿಸಿನೀರು ವಾಸಿ. ಶಾಖ ಸಾಗಿಸುವುದರಲ್ಲಿ ಲೋಹಗಳಲ್ಲೆಲ್ಲಾ ಬೆಳ್ಳಿಯೇ ಮುಂದೆ. ಕಡಗದ ಒಂದು ತುದಿ ನೀರಿಗೆ ಅದ್ದಿ ಇನ್ನೊಂದು ತುದಿ ಹಿಡಿದರೆ ಬೆಳ್ಳಿಯದ್ದು ಬೇಗ ಬೆರಳು ಸುಡುತ್ತದೆ, ಗಿಲೀಟಿನದ್ದು ತಡ. 999ಕ್ಕೂ 925ಕ್ಕೂ ವ್ಯತ್ಯಾಸ ನನ್ನ ಬೆರಳಿಗೆ ಗೊತ್ತಾಗಲಿಲ್ಲ.

ನಾನು ಕಡಗ ಬಿಚ್ಚುವ ಜಾತಿಯವನಲ್ಲ. ಸ್ನಾನ, ನಿದ್ದೆ, ಕೆಲಸ ಎಲ್ಲಾ ಅದರ ಜೊತೆಗೇ. ಬೆಳ್ಳಿಯ ಪಾಲು ಹತ್ತಿರ ಹತ್ತಿರ ಇರುವುದರಿಂದ 999ಕ್ಕೂ 925ಕ್ಕೂ ಖರ್ಚಿನಲ್ಲಿ ದೊಡ್ಡ ಅಂತರವೂ ನನಗೆ ಕಾಣಲಿಲ್ಲ. ಗಿಲೀಟು ಅಗ್ಗ ಅನ್ನಿಸಿದರೂ ಮತ್ತೆ ಮತ್ತೆ ಕೊಳ್ಳಬೇಕು. ಹಾಗಾಗಿ ನನಗೆ 925. ಕೂಡಿಡಲು ಗಟ್ಟಿ ಅಥವಾ ನಾಣ್ಯ ಬೇಕು ಅನ್ನುವವರು 999 ತಗೊಳ್ಳಲಿ, ಅಲ್ಲಿ ಬಾಗುವ ಮಾತೇ ಇಲ್ಲ.

925 ಕೊಳ್ಳುವಾಗ ಮೇಲೆ ರೋಡಿಯಂ ಅನ್ನುವ ಬಿಳಿ ಲೋಹದ ಲೇಪ ಇದೆಯಾ ಅಂತ ಮಾತ್ರ ಕೇಳಿ. ಇದ್ದರೆ ಸವೆಯುವವರೆಗೂ ಕಪ್ಪಾಗದು. ಸವೆದ ಮೇಲೆ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಕಪ್ಪಾಗುತ್ತದೆ, ಅದು ಪೂರ್ತಿ ಕಪ್ಪಾಗುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನಾನು ಲೇಪ ಇಲ್ಲದ್ದನ್ನೇ ಆರಿಸಿಕೊಂಡೆ.